ಹೈ-ಎಂಡ್ ಸ್ಪೀಕರಿಗೆ ಬಡ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಈಗಾಗಲೇ ಒಂದು ಆಂಪ್ಲಿಫೈಯರ್ ಮತ್ತು ಒಂದು ಜೋಡಿ ಸಾಧಾರಣ ಬುಕ್‌ಶೆಲ್ಫ್ (ಸ್ಟ್ಯಾಂಡಿನ ಮೇಲಿಡುವ ಚಿಕ್ಕ) ಸ್ಪೀಕರ್ ಇಟ್ಟುಕೊಂಡು ವರ್ಷಗಳಿಂದ ಸಂಗೀತ ಕೇಳುತ್ತಿರುವವರಿಗೆ, ಈಗ ಲಕ್ಷ ರೂಪಾಯಿಯ ಗಡಿ ದಾಟಲು ಮನಸ್ಸು ಮಾಡಿರುವವರಿಗೆ ಈ ಉತ್ತರಗಳು. ಹೋಮ್ ಥಿಯೇಟರ್ ಇಲ್ಲಿನ ವಿಷಯವಲ್ಲ. ಎರಡು ಸ್ಪೀಕರ್, ಒಂದು ಕುರ್ಚಿ, ಸಂಗೀತ, ಅಷ್ಟೇ.

ನನ್ನ ಬಳಿ ನಲವತ್ತು ಸಾವಿರದ ಜೋಡಿ ಇದೆ. ಎರಡು ಲಕ್ಷ ಕೊಟ್ಟರೆ ವ್ಯತ್ಯಾಸ ಕೇಳಿಸುತ್ತದೆಯೇ?

ಕೇಳಿಸುತ್ತದೆ. ಆದರೆ ನಿಮಗೆ ಬೇಕಾದ ವ್ಯತ್ಯಾಸವೇ ಸಿಗುತ್ತದೆ ಎಂದು ಯಾರೂ ಖಾತರಿ ಕೊಡಲಾರರು. ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಈಗಿನ ಸ್ಪೀಕರಿನ ಮೇಲಿರುವ ದೂರನ್ನು ಬರೆಯಿರಿ. ‘ಹಾಡುವವರ ಧ್ವನಿ ಮೂಗಿನಿಂದ ಬಂದಂತಿದೆ’, ‘ಜೋರು ಮಾಡಿದರೆ ಕಿವಿಗೆ ಚುಚ್ಚುತ್ತದೆ’, ‘ಮೃದಂಗದ ಎಡ ಮುಖಕ್ಕೆ ತೂಕವಿಲ್ಲ’, ‘ಕೆಲವು ಸ್ವರಗಳು ಮಾತ್ರ ಗುಂಯ್ ಎಂದು ಉಬ್ಬುತ್ತವೆ’. ಹೀಗೆ ನಿರ್ದಿಷ್ಟವಾಗಿ ಬರೆಯಬೇಕು. ಮೊದಲ ಮೂರು ದೂರುಗಳಿಗೆ ಒಳ್ಳೆಯ ಸ್ಪೀಕರ್ ಮದ್ದಾಗಬಹುದು. ನಾಲ್ಕನೆಯದು ಬಹುಪಾಲು ಕೋಣೆಯ ಕಾಯಿಲೆ. ಅದಕ್ಕೆ ಎರಡು ಲಕ್ಷ ಸುರಿದರೂ ಗುಣವಾಗುವುದಿಲ್ಲ, ಕೆಲವೊಮ್ಮೆ ಉಲ್ಬಣಿಸುತ್ತದೆ. ಹಾಳೆಯಲ್ಲಿ ಬರೆಯಲು ಏನೂ ತೋಚದಿದ್ದರೆ ನಿಮ್ಮ ಸ್ಪೀಕರ್ ಚೆನ್ನಾಗಿಯೇ ಇದೆ; ಬೇಸರ ಬಂದಿರುವುದು ನಿಮಗೆ.

ಬೆಲೆ ಏರಿದಂತೆ ನಿಜವಾಗಿ ಸುಧಾರಿಸುವ ಸಂಗತಿಗಳೂ ಇವೆ. ಪೆಟ್ಟಿಗೆಯ ಗೋಡೆಗಳು ತಾವೇ ಹಾಡುವುದು ಕಡಿಮೆಯಾಗುತ್ತದೆ. ಜೋರಾಗಿ ನುಡಿಸಿದಾಗ ಧ್ವನಿ ಒಡೆಯುವುದಿಲ್ಲ. ಕೆಳಗಿನ ಸ್ವರಗಳನ್ನು ನುಡಿಸುವ ವೂಫರ್ ಮತ್ತು ಮೇಲಿನವನ್ನು ನುಡಿಸುವ ಟ್ವೀಟರ್ ಒಂದರೊಳಗೊಂದು ಬೆರೆತು, ಎರಡು ಬಾಯಿಂದ ಮಾತು ಬರುತ್ತಿರುವ ಭಾವನೆ ಹೋಗುತ್ತದೆ.

ಕೋಣೆಯ ಕಾಯಿಲೆ ಎಂದರೇನು?

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಎದುರುಬದುರು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಆ ಸಂಖ್ಯೆಯನ್ನು ಭಾಗಿಸಿ. ಬರುವ ಕಂಪನಾಂಕದಲ್ಲಿ ಆ ಗೋಡೆಗಳ ನಡುವೆ ಅಲೆ ಮುಂದೆ ಸಾಗದೆ ನಿಂತಲ್ಲೇ ಉಬ್ಬಿಳಿಯುತ್ತದೆ. ಹನ್ನೆರಡು ಅಡಿಗೆ ಇದು ಸುಮಾರು 47 ಹರ್ಟ್ಸ್, ಹತ್ತು ಅಡಿಗೆ 56 ಹರ್ಟ್ಸ್. ಈಗ ಬೆಂಗಳೂರಿನ ಫ್ಲ್ಯಾಟುಗಳನ್ನು ನೆನಪಿಸಿಕೊಳ್ಳಿ: ಹತ್ತು ಅಡಿ ಅಗಲದ ಕೋಣೆ, ಚಾವಣಿಯೂ ಹೆಚ್ಚುಕಡಿಮೆ ಹತ್ತು ಅಡಿ. ಎರಡೂ ದಿಕ್ಕಿನ ಅಲೆಗಳು ಒಂದೇ ಕಂಪನಾಂಕದಲ್ಲಿ ಕೂಡುತ್ತವೆ. 56 ಹರ್ಟ್ಸಿನ ಆಸುಪಾಸಿನ ಸ್ವರ ಬಂದಾಗಲೆಲ್ಲ ಕೋಣೆ ಗುಡುಗುತ್ತದೆ, ಪಕ್ಕದ ಸ್ವರ ಬಂದಾಗ ಸುಮ್ಮನಾಗುತ್ತದೆ. ಸಾಮಾನ್ಯ ಮನೆಯ ಕೋಣೆಯಲ್ಲಿ ಸುಮಾರು 200–300 ಹರ್ಟ್ಸಿಗಿಂತ ಕೆಳಗೆ ಸ್ಪೀಕರಿಗಿಂತ ಕೋಣೆಯದ್ದೇ ದರ್ಬಾರು.

ಮೇಲಿನ ಸ್ವರಗಳದ್ದು ಬೇರೆ ಕಥೆ. ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್ ನೆಲ, ಪ್ಲಾಸ್ಟರ್ ಮಾಡಿದ ಕಾಂಕ್ರೀಟ್ ಗೋಡೆ, ದೊಡ್ಡ ಗಾಜಿನ ಕಿಟಕಿ. ನಮ್ಮ ಮನೆಗಳಲ್ಲಿ ಶಬ್ದವನ್ನು ನುಂಗುವ ವಸ್ತುಗಳೇ ಕಡಿಮೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಲೋಹದ ಝಣಕಾರದಂಥ ಬಾಲ ಕೇಳಿಸಿದರೆ, ನೀವು ಟ್ವೀಟರಿನ ಮೇಲೆ ಹೊರಿಸುತ್ತಿದ್ದ ಆರೋಪಗಳಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಹಾಗಾದರೆ ಕೋಣೆಗೆ ಏನು ಮಾಡಬೇಕು? ಮೊಟ್ಟೆಯ ಟ್ರೇ ಅಂಟಿಸಬಹುದೇ?

ಬೇಡ. ಮೊಟ್ಟೆಯ ಟ್ರೇಗಳಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಬೆಂಕಿಯ ಭಯ ಬೇರೆ. ದಪ್ಪ ಪರದೆ, ಬಟ್ಟೆ ಹೊದಿಸಿದ ಸೋಫಾ, ತುಂಬಿದ ಪುಸ್ತಕದ ಕಪಾಟು ಇವು ಮೊದಲು. ನವಲಗುಂದದ ಜಮಖಾನ ನೋಡಲು ಅಂದವೇ, ಆದರೆ ತೆಳುವಾದ ಹತ್ತಿಯ ನೇಯ್ಗೆ ತೀರಾ ಮೇಲಿನ ಸ್ವರಗಳನ್ನು ಮಾತ್ರ ಒಂದಿಷ್ಟು ಹೀರುತ್ತದೆ. ಅದರಡಿಗೆ ದಪ್ಪನೆಯ ಫೆಲ್ಟ್ ಹಾಸಿದರೆ ಕೆಲಸ ಹೆಚ್ಚು. ಸ್ಪೀಕರಿನಿಂದ ಹೊರಟ ಶಬ್ದ ಪಕ್ಕದ ಗೋಡೆಗೆ ಮೊದಲು ಬಡಿಯುವ ಜಾಗದಲ್ಲಿ ಹತ್ತು ಸೆಂಟಿಮೀಟರ್ ದಪ್ಪದ ರಾಕ್‌ವೂಲ್ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ನಿಲ್ಲಿಸಬಹುದು. ಆ ಜಾಗ ಹುಡುಕಲು ಒಬ್ಬರು ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಕುರ್ಚಿಯಲ್ಲಿ ಕೂತ ನಿಮಗೆ ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗವೇ ಅದು.

ಸ್ಪೀಕರ್ ಈಗ ಟಿವಿ ಶೋಕೇಸಿನೊಳಗಿದೆ. ತೊಂದರೆಯೇ?

ಹೌದು, ದೊಡ್ಡ ತೊಂದರೆ. ಹೊಸತನ್ನು ಕೊಳ್ಳುವ ಮುನ್ನ ಹಳೆಯದನ್ನು ಅಲ್ಲಿಂದ ಹೊರಗೆ ತೆಗೆದು, ಗಟ್ಟಿಯಾದ ಸ್ಟ್ಯಾಂಡಿನ ಮೇಲಿಟ್ಟು, ಒಂದು ತಿಂಗಳು ಕೇಳಿ. ಶೋಕೇಸಿನ ಗೂಡು ಮಂದ್ರವನ್ನು (ಕೆಳಗಿನ ಸ್ವರಗಳನ್ನು) ಉಬ್ಬಿಸಿ ಧ್ವನಿಯನ್ನು ಮಸುಕು ಮಾಡುತ್ತದೆ. ಹಿಂಬದಿಯ ಗೋಡೆಯಿಂದ ದೂರವೂ ಲೆಕ್ಕಕ್ಕೆ ಬರುತ್ತದೆ: ಗೋಡೆಗೆ ಬಡಿದು ಮರಳಿದ ಅಲೆ ನೇರ ಅಲೆಯನ್ನು ಒಂದು ಕಂಪನಾಂಕದಲ್ಲಿ ಅಳಿಸಿಹಾಕುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ ಒಂದು ಮೀಟರ್ ದೂರವಿದ್ದರೆ ಆ ಗುಂಡಿ ಸುಮಾರು 86 ಹರ್ಟ್ಸಿನಲ್ಲಿ, 60 ಸೆಂಟಿಮೀಟರ್ ಇದ್ದರೆ ಸುಮಾರು 143ರಲ್ಲಿ. ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ಸರಿಸಿ ನೋಡುವುದಕ್ಕೆ ಕಾಸು ಖರ್ಚಿಲ್ಲ.

ಎತ್ತರದ ವಿಷಯದಲ್ಲಿ ವಿದೇಶಿ ಕೈಪಿಡಿಗಳು ನಮ್ಮ ಮನೆಗೆ ಪೂರ್ತಿ ಒಗ್ಗುವುದಿಲ್ಲ. ಟ್ವೀಟರ್ ಕಿವಿಯ ಮಟ್ಟದಲ್ಲಿರಬೇಕು ಎನ್ನುತ್ತವೆ, ಸರಿಯೇ. ಆದರೆ ಅವು ಸೋಫಾದ ಮೇಲೆ ಕೂತವರ ಕಿವಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ಚಾಪೆಯ ಮೇಲೆ ಕೂತು, ಗೋಡೆಗೊರಗಿ ಕೇಳುವ ಅಭ್ಯಾಸ ನಿಮ್ಮದಾದರೆ ಗಿಡ್ಡ ಸ್ಟ್ಯಾಂಡ್ ಮಾಡಿಸಿ, ಇಲ್ಲವೇ ಸ್ಪೀಕರನ್ನು ತುಸು ಮುಂದಕ್ಕೆ ಬಾಗಿಸಿ.

ಬುಕ್‌ಶೆಲ್ಫ್ ಒಳ್ಳೆಯದೋ, ನೆಲದ ಮೇಲೆ ನಿಲ್ಲುವ ಟವರ್ ಒಳ್ಳೆಯದೋ?

ಹತ್ತು ಹನ್ನೆರಡು ಅಡಿಯ ಕೋಣೆಗೆ ನನ್ನ ಮತ ಯಾವಾಗಲೂ ಬುಕ್‌ಶೆಲ್ಫಿಗೆ. ಒಂದೇ ಬೆಲೆಯ ಟವರಿನಲ್ಲಿ ನೀವು ಹೆಚ್ಚು ಮರಕ್ಕೆ, ಹೆಚ್ಚು ವೂಫರುಗಳಿಗೆ ಹಣ ಕೊಡುತ್ತೀರಿ. ಬುಕ್‌ಶೆಲ್ಫಿನಲ್ಲಿ ಅದೇ ಹಣ ವೂಫರ್, ಟ್ವೀಟರ್ ಎಂಬ ಎರಡೇ ಘಟಕಗಳ ಗುಣಮಟ್ಟಕ್ಕೆ ಹೋಗುತ್ತದೆ. ಸ್ಟ್ಯಾಂಡಿನ ಬೆಲೆ ಸೇರಿಸಿದ ಮೇಲೂ ಈ ಮಾತು ನಿಲ್ಲುತ್ತದೆ.

ಇದರ ಹಿಂದೆ ಭೌತಶಾಸ್ತ್ರವಿದೆ. ಅಷ್ಟೇ ಜೋರಾಗಿ ಒಂದು ಸ್ಥಾಯಿ ಕೆಳಗಿನ ಸ್ವರ ನುಡಿಸಲು ವೂಫರ್ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. ಅಮೆರಿಕದ ಸ್ಪೀಕರ್ ತಯಾರಕ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ನಿಯಮವೇ ಇದೆ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ಸೆನ್ಸಿಟಿವಿಟಿ (ಕಡಿಮೆ ವಾಟಿಗೆ ಹೆಚ್ಚು ಶಬ್ದ), ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಟವರ್ ದೊಡ್ಡ ಪೆಟ್ಟಿಗೆಯನ್ನು ಒಪ್ಪಿಕೊಂಡು ಉಳಿದೆರಡನ್ನು ಗಿಟ್ಟಿಸಿಕೊಳ್ಳುತ್ತದೆ. ಹದಿನೆಂಟು ಅಡಿಯ ಹಾಲ್ ಇದ್ದು, ನೀವು ಮೂರೂವರೆ ಮೀಟರ್ ದೂರ ಕೂರುವುದಾದರೆ ಧಾರಾಳವಾಗಿ ಟವರ್ ತೆಗೆದುಕೊಳ್ಳಿ. ಚಿಕ್ಕ ಕೋಣೆಯಲ್ಲಿ ಅದರ ಮಂದ್ರವು ಮೊದಲೇ ಗುಡುಗುತ್ತಿದ್ದ ಕೋಣೆಗೆ ಇನ್ನಷ್ಟು ಬಲ ಕೊಡುತ್ತದೆ.

ನಾನು ಕೇಳುವುದು ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಹಳೆಯ ಚಿತ್ರಗೀತೆ. ಎಷ್ಟು ಆಳದ ಮಂದ್ರ ಬೇಕು?

ನೀವು ಅಂದುಕೊಂಡಷ್ಟಿಲ್ಲ. ಹಾರ್ಮೋನಿಯಮ್ಮಿನ ಬಿಳಿ ಒಂದಕ್ಕೆ ಶ್ರುತಿ ಮಾಡಿದ ಗಂಡು ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಅದರಲ್ಲೂ ಕಿವಿ ತುಂಬುವುದು ಮೂಲ ಸ್ವರಕ್ಕಿಂತ ಅದರ ಮೇಲೆ ಅರಳುವ ಅನುಸ್ವರಗಳು. ಬಾಸ್ ಗಿಟಾರಿನ ಕೊನೆಯ ತಂತಿ 41 ಹರ್ಟ್ಸ್, ಪಿಯಾನೋದ ಕಟ್ಟಕಡೆಯ ಕೀಲಿ 27.5. ಇಂದಿನ ಚಿತ್ರಸಂಗೀತದ ಸಿಂಥ್ ಬಾಸ್ 40ಕ್ಕಿಂತ ಕೆಳಗಿಳಿಯುವುದುಂಟು. ಕಛೇರಿ ಸಂಗೀತವೇ ನಿಮ್ಮ ಲೋಕವಾದರೆ 50 ಹರ್ಟ್ಸಿನವರೆಗೆ ಪ್ರಾಮಾಣಿಕವಾಗಿ ಇಳಿಯುವ ಸ್ಪೀಕರ್ ಸಾಕು. ಉಳಿದ ಹಣವನ್ನು ಕಂಠ ಕೇಳಿಸುವ ಮಧ್ಯಮ ಸ್ವರಗಳ ಮೇಲೆ ಹಾಕಿ.

ಸಬ್‌ವೂಫರ್ ಸೇರಿಸಿದರೆ?

ಮಂದ್ರವನ್ನಷ್ಟೇ ನುಡಿಸುವ ಈ ಪ್ರತ್ಯೇಕ ಪೆಟ್ಟಿಗೆಗೆ ಸಂಗೀತಪ್ರೇಮಿಗಳು ಮೂಗು ಮುರಿಯುತ್ತಾರೆ, ಕಾರಣವಿಲ್ಲದೆ. ಸುಮಾರು 80 ಹರ್ಟ್ಸಿಗಿಂತ ಕೆಳಗಿನ ಸ್ವರಗಳನ್ನಷ್ಟೇ ಅದಕ್ಕೆ ಬಿಟ್ಟು, ಮಟ್ಟ ತಗ್ಗಿಸಿ ಇಟ್ಟ ಸಬ್ ಒಳ್ಳೆಯ ಬುಕ್‌ಶೆಲ್ಫಿನ ಭಾರ ಇಳಿಸುತ್ತದೆ. ಒಂದರ ಬದಲು ಎರಡು ಚಿಕ್ಕ ಸಬ್‌ಗಳನ್ನು ಎದುರುಬದುರು ಗೋಡೆಗಳ ನಡುಭಾಗದಲ್ಲಿಟ್ಟರೆ ಕೋಣೆಯ ಗುಡುಗು ಗಮನಾರ್ಹವಾಗಿ ಸಮವಾಗುತ್ತದೆ. ಆಡಿಯೊ ಉಪಕರಣಗಳ ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ ನಡೆಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿದೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಳಗಿನ ಮನೆಯವರನ್ನೂ ಒಂದು ಮಾತು ಕೇಳಿ.

ಕಂಪನಿಯ ಕರಪತ್ರದ ಅಂಕಿಗಳನ್ನು ಹೇಗೆ ಓದಬೇಕು?

ಅನುಮಾನದಿಂದ. ‘40 ಹರ್ಟ್ಸ್–20 ಕಿಲೋಹರ್ಟ್ಸ್’ ಎಂದಷ್ಟೇ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. ಎಷ್ಟು ಡೆಸಿಬೆಲ್ ಇಳಿಕೆಯೊಳಗೆ ಎಂಬುದು ಬೇಕು. ಕೆಫ್ ಕಂಪನಿಯ ಎಲ್‌ಎಸ್50 ಮೆಟಾ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪಟ್ಟಿಯಲ್ಲಿ ಎರಡು ಸಾಲಿವೆ: ಮೂರು ಡೆಸಿಬೆಲ್ ಏರಿಳಿತದೊಳಗೆ 79 ಹರ್ಟ್ಸಿನಿಂದ, ಆರು ಡೆಸಿಬೆಲ್ ಇಳಿಕೆಗೆ 47 ಹರ್ಟ್ಸಿನಿಂದ. ಒಂದೇ ಸ್ಪೀಕರ್, ಎರಡೂ ನಿಜ. ಇನ್ನೊಂದು ಕಂಪನಿ 47 ಅನ್ನು ಮಾತ್ರ ದೊಡ್ಡಕ್ಷರದಲ್ಲಿ ಮುದ್ರಿಸಿದ್ದರೆ ನೀವು ಎರಡನ್ನೂ ಹೋಲಿಸಿ ಮೋಸಹೋಗುತ್ತಿದ್ದಿರಿ.

ಮೇಲ್ತುದಿಯ ಸಂಖ್ಯೆಯನ್ನು ನೋಡಿ ಮರುಳಾಗಬೇಡಿ. 40 ಕಿಲೋಹರ್ಟ್ಸ್ ನಾಯಿಗಳಿಗೆ ಹಿತವಾಗಿರಬಹುದು. ಹೈ-ಎಂಡ್ ಕೊಳ್ಳುವಷ್ಟು ಹಣ ಕೂಡುವ ವಯಸ್ಸಿಗೆ ನಮ್ಮಲ್ಲಿ ಬಹಳ ಮಂದಿಗೆ ಹದಿನಾಲ್ಕು ಕಿಲೋಹರ್ಟ್ಸ್ ಕೂಡ ಅನುಮಾನವೇ.

ನನ್ನ ಐವತ್ತು ವಾಟಿನ ಆಂಪ್ಲಿಫೈಯರ್ ಸಾಲುತ್ತದೆಯೇ?

ಲೆಕ್ಕ ಹಾಕೋಣ. ಸ್ಪೀಕರಿನ ಸೆನ್ಸಿಟಿವಿಟಿ 86 ಡೆಸಿಬೆಲ್ ಎಂದರೆ ಒಂದು ವಾಟಿಗೆ, ಒಂದು ಮೀಟರ್ ದೂರದಲ್ಲಿ ಅಷ್ಟು ಶಬ್ದ. ಮೂರು ಮೀಟರ್ ದೂರ ಕೂತರೆ ಮುಚ್ಚಿದ ಕೋಣೆಯಲ್ಲಿ ಐದಾರು ಡೆಸಿಬೆಲ್ ಕಳೆಯುತ್ತದೆ, ಎರಡು ಸ್ಪೀಕರ್ ಸೇರಿ ಮೂರು ಮರಳುತ್ತದೆ. ನಿಮ್ಮ ಕಿವಿಗೆ ಸಿಗುವುದು ಸುಮಾರು 83. ತನಿ ಆವರ್ತನದ ಮುಕ್ತಾಯದಲ್ಲೋ, ಯಕ್ಷಗಾನದ ಚೆಂಡೆಯ ಪೆಟ್ಟಿಗೋ ಕ್ಷಣಮಾತ್ರ 100 ಡೆಸಿಬೆಲ್ ಬೇಕೆಂದರೆ ಇನ್ನೂ 17 ಸೇರಬೇಕು, ಅಂದರೆ ಐವತ್ತು ಪಟ್ಟು ಶಕ್ತಿ. ಸರಿಯಾಗಿ ಐವತ್ತು ವಾಟ್. ಅದೇ 84 ಡೆಸಿಬೆಲಿನ ಸ್ಪೀಕರಿಗೆ ಸುಮಾರು ಎಂಬತ್ತು ವಾಟ್ ಬೇಕು, 90ರದ್ದಕ್ಕೆ ಇಪ್ಪತ್ತು ಸಾಕು. ಹೀಗಾಗಿ ಸ್ಪೀಕರ್ ಬದಲಿಸಿದಾಗ ಆಂಪ್ಲಿಫೈಯರ್ ಕೂಡ ಬದಲಿಸಬೇಕಾಗಿ ಬಂದು ಬಜೆಟ್ ತಲೆಕೆಳಗಾಗುವುದುಂಟು. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಂಪೀಡೆನ್ಸ್, ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ, ಅದನ್ನೂ ನೋಡಿ. ‘8 ಓಮ್’ ಎಂದು ಬರೆದ ಎಷ್ಟೋ ಸ್ಪೀಕರುಗಳು ಕೆಲವು ಕಂಪನಾಂಕಗಳಲ್ಲಿ ಮೂರೂವರೆಗೆ ಇಳಿಯುತ್ತವೆ. 4 ಓಮಿನಲ್ಲಿ ಎಷ್ಟು ವಾಟ್ ಕೊಡುತ್ತದೆ ಎಂದು ಹೇಳಲು ಹಿಂಜರಿಯುವ ಆಂಪ್ಲಿಫೈಯರನ್ನು ಅಂಥ ಸ್ಪೀಕರಿಗೆ ಕಟ್ಟಬೇಡಿ.

‘ಬ್ರಿಟಿಷ್ ಧ್ವನಿ’ ಎನ್ನುತ್ತಾರಲ್ಲ, ಅದು ನಿಜವೇ, ಮಾರಾಟದ ಮಾತೇ?

ಎರಡೂ. ಬಿಬಿಸಿ ತನ್ನ ಪ್ರಸಾರದ ಕೆಲಸಕ್ಕೆ ಬೇಕಾದ ಮಾನಿಟರುಗಳನ್ನು (ಧ್ವನಿಯನ್ನು ಪರೀಕ್ಷಿಸುವ ಸ್ಪೀಕರುಗಳನ್ನು) ತನ್ನದೇ ಸಂಶೋಧನಾ ವಿಭಾಗದಲ್ಲಿ ವಿನ್ಯಾಸ ಮಾಡಿಸುತ್ತಿತ್ತು. 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿಗೆಂದು ಹುಟ್ಟಿದ ಎಲ್‌ಎಸ್3/5ಎ ಎಂಬ ಪುಟ್ಟ ಪೆಟ್ಟಿಗೆ ಕೆಫ್ ಘಟಕಗಳನ್ನು ಬಳಸಿತ್ತು. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದವರು ಪರವಾನಗಿ ಪಡೆದು ಅದನ್ನು ತಯಾರಿಸಿದರು. ಹಾರ್ಬೆತ್ ಅನ್ನು 1977ರಲ್ಲಿ ಕಟ್ಟಿದವರು ಬಿಬಿಸಿಯಲ್ಲಿದ್ದ ಡಡ್ಲಿ ಹಾರ್ವುಡ್. ಉದ್ಘೋಷಕರ ಮಾತು ಸಹಜವಾಗಿ ಕೇಳಿಸಬೇಕು ಎಂಬುದು ಆ ಪರಂಪರೆಯ ಮುಖ್ಯ ಪರೀಕ್ಷೆಗಳಲ್ಲೊಂದಾಗಿತ್ತು. ಆದ್ದರಿಂದಲೇ ಕಂಠಸಂಗೀತ ಪ್ರಿಯರಿಗೆ ಆ ವಂಶದ ಸ್ಪೀಕರುಗಳು ಹಿಡಿಸುತ್ತವೆ. ಮಲ್ಲಿಕಾರ್ಜುನ ಮನಸೂರರ ಧ್ವನಿಯನ್ನು ಹೀಗೊಂದು ಮಾನಿಟರಿನಲ್ಲಿ ಕೇಳಿದವರಿಗೆ ಆಳ ಮಂದ್ರದ ಕೊರತೆ ನೆನಪಿಗೇ ಬರುವುದಿಲ್ಲ. ಆದರೆ ಎಲ್‌ಎಸ್3/5ಎ ಸೆನ್ಸಿಟಿವಿಟಿ 83 ಡೆಸಿಬೆಲಿನ ಆಸುಪಾಸು. ದೊಡ್ಡ ಹಾಲಿನಲ್ಲಿ ಜೋರಾಗಿ ನುಡಿಸುವ ಆಸೆಯಿದ್ದರೆ ಅದು ನಿಮ್ಮ ಸ್ಪೀಕರ್ ಅಲ್ಲ.

ಎಲ್ಲ ವಿಮರ್ಶೆಗಳೂ ಹೊಗಳುತ್ತವೆ. ಯಾವುದನ್ನು ನಂಬುವುದು?

ಅಳತೆಗಳನ್ನು. ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಮೊದಲು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಹಾರ್ಮನ್‌ನಲ್ಲಿ ದಶಕಗಳ ಕಾಲ ಒಂದು ಕೆಲಸ ಮಾಡಿದರು. ಸ್ಪೀಕರುಗಳನ್ನು ಪರದೆಯ ಹಿಂದೆ ಬಚ್ಚಿಟ್ಟು, ಯಾವುದು ನುಡಿಯುತ್ತಿದೆ ಎಂದು ತಿಳಿಸದೆ, ಕೇಳುಗರಿಂದ ಅಂಕ ಹಾಕಿಸಿದರು. ಹಾರ್ಮನ್‌ನಲ್ಲಿ ಪ್ರತಿ ಸ್ಪೀಕರೂ ಅದೇ ಜಾಗದಲ್ಲಿ ಬಂದು ನಿಲ್ಲುವಂತೆ ಯಂತ್ರವನ್ನೇ ಕಟ್ಟಿದರು. ಹೊರಬಿದ್ದ ತೀರ್ಮಾನ ಸರಳ: ಎದುರಿನಿಂದ ಸಮತಟ್ಟಾದ, ಪಕ್ಕಗಳಿಗೆ ಹರಡುವಾಗಲೂ ಏರುಪೇರಿಲ್ಲದೆ ಮೃದುವಾಗಿ ಇಳಿಯುವ ಸ್ಪೀಕರನ್ನೇ ಬಹುತೇಕ ಎಲ್ಲರೂ ಮೆಚ್ಚುತ್ತಾರೆ. ಪರದೆ ಸರಿಸಿ ಸ್ಪೀಕರ್ ಕಾಣುವಂತೆ ಮಾಡಿದಾಗ ಅದೇ ಕೇಳುಗರ ಅಂಕಗಳು ಬದಲಾದವು. ಗಾತ್ರ, ಬೆಲೆ, ಹೆಸರು, ಮೆರುಗು ಎಲ್ಲವೂ ಕಿವಿಯೊಳಗೆ ಇಳಿದುಬಿಡುತ್ತವೆ.

ಹೀಗೆ ಸುತ್ತಲೂ ಅಳೆದ ನಕ್ಷೆಗೆ ‘ಸ್ಪಿನೋರಾಮಾ’ ಎಂಬ ಹೆಸರಿದೆ, ಮತ್ತು ಇಂದು ನೂರಾರು ಮಾದರಿಗಳ ನಕ್ಷೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಕ್ಷೆಯಲ್ಲಿ ಎರಡು ಮೂರು ಕಿಲೋಹರ್ಟ್ಸಿನ ಬಳಿ, ಅಂದರೆ ವೂಫರ್ ಕೈಬಿಟ್ಟು ಟ್ವೀಟರ್ ಎತ್ತಿಕೊಳ್ಳುವ ಜಾಗದಲ್ಲಿ, ಪಕ್ಕಗಳಿಗೆ ಹರಡುವ ಶಬ್ದದ ಗೆರೆಗಳು ಹಠಾತ್ತನೆ ಉಬ್ಬಿದ್ದರೆ ಆ ಸ್ಪೀಕರ್ ನಮ್ಮ ಗಾಜು-ಗ್ರಾನೈಟಿನ ಕೋಣೆಯಲ್ಲಿ ಕಿರುಚುತ್ತದೆ. ದುಬಾರಿ ಸ್ಪೀಕರುಗಳಲ್ಲೂ ಈ ದೋಷ ಕಡಿಮೆಯೇನಲ್ಲ. ಎಷ್ಟೋ ಬಾರಿ ಎಂಬತ್ತು ಸಾವಿರದ ಸ್ಪೀಕರಿನ ನಕ್ಷೆ ಎಂಟು ಲಕ್ಷದ್ದಕ್ಕಿಂತ ಚೊಕ್ಕವಾಗಿರುತ್ತದೆ.

ಡೀಲರ್ ಅಂಗಡಿಯಲ್ಲಿ ಹೇಗೆ ಕೇಳಬೇಕು?

ನಿಮ್ಮದೇ ಸಂಗೀತ ಒಯ್ಯಿರಿ. ಡೀಲರ್ ಹಾಕುವ ಗಿಟಾರ್ ತುಣುಕಿನಲ್ಲಿ ಎಲ್ಲ ಸ್ಪೀಕರುಗಳೂ ಸೊಗಸಾಗಿ ಕೇಳಿಸುತ್ತವೆ, ಅದಕ್ಕೆಂದೇ ಅದನ್ನು ಆರಿಸಿರುತ್ತಾರೆ. ಹೋಲಿಸುವಾಗ ಎರಡರ ಶಬ್ದಮಟ್ಟವೂ ಒಂದೇ ಇರಬೇಕು. ಒಂದು ಡೆಸಿಬೆಲ್ ಹೆಚ್ಚಿದ್ದರೂ ಅದು ‘ಜೋರು’ ಎನಿಸದೆ ‘ಚೆನ್ನ’ ಎನಿಸುತ್ತದೆ. ಫೋನಿನ ಶಬ್ದಮಾಪಕ ಆಪ್ ಹೋಲಿಕೆಗೆ ಸಾಕು.

ಹೆಚ್ಚು ಜನ ಮಾಡದ ಒಂದು ಕೆಲಸ ಮಾಡಿ: ಒಂದೇ ಸ್ಪೀಕರಿನಲ್ಲಿ ಕೇಳಿ. ಸ್ಟೀರಿಯೋದ ವೈಭವ ಬಹಳಷ್ಟು ದೋಷಗಳನ್ನು ಮುಚ್ಚಿಡುತ್ತದೆ. ಒಂಟಿ ಸ್ಪೀಕರಿನಲ್ಲಿ ಅವು ಬಯಲಾಗುತ್ತವೆ ಎಂಬುದೂ ಟೂಲ್ ಅವರ ಪ್ರಯೋಗಗಳಿಂದಲೇ ತಿಳಿದದ್ದು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಕಾಲದ ಮೋನೋ ಧ್ವನಿಮುದ್ರಣಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಅವನ್ನೇ ಎರಡೂ ಸ್ಪೀಕರಿನಲ್ಲಿ ಹಾಕಿದರೆ ಕಂಠ ಸರಿಯಾಗಿ ನಡುವೆ, ಅಂಗೈಯಗಲದಲ್ಲಿ ನಿಲ್ಲಬೇಕು. ಹರಡಿಕೊಂಡರೆ ಜೋಡಣೆಯಲ್ಲೋ ಸ್ಪೀಕರಿನಲ್ಲೋ ತಪ್ಪಿದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟು ಮತ್ತು ಅದರ ನಂತರದ ಗಮಕ ಒಂದೇ ವಾದ್ಯದಿಂದ ಬರುತ್ತಿರಬೇಕು. ಮೀಟು ಮಾತ್ರ ಟ್ವೀಟರಿಗೆ ಅಂಟಿಕೊಂಡರೆ ಬಿಟ್ಟುಬಿಡಿ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಜೋರಿನಲ್ಲೂ ಕಿವಿ ಕೊರೆಯಬಾರದು. ಕೊನೆಗೆ ಗುರುತಿರುವ ಒಬ್ಬರ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡು ಹಾಕಿಸಿ, ಡೀಲರ್ ಹುಬ್ಬೇರಿಸಿದರೂ ಚಿಂತೆಯಿಲ್ಲ.

ಆಮೇಲೆ ಮನೆಗೆ ತಂದು ಕೇಳಲು ಕೊಡುತ್ತಾರೆಯೇ ವಿಚಾರಿಸಿ. ಲಕ್ಷಗಟ್ಟಲೆ ಬೆಲೆಯಲ್ಲಿ ಇದು ಅತಿಯಾದ ಬೇಡಿಕೆಯಲ್ಲ. ಠೇವಣಿ ಕೇಳಿದರೆ ಕೊಡಿ.

ಒಳಗೇ ಆಂಪ್ಲಿಫೈಯರ್ ಇರುವ ಆಕ್ಟಿವ್ ಸ್ಪೀಕರ್ ಹೇಗೆ?

ಹಣಕ್ಕೆ ತಕ್ಕ ಧ್ವನಿ ಎಂಬುದೊಂದೇ ಅಳತೆಗೋಲಾದರೆ ಇದೇ ಜಾಣತನ. ಫಿನ್‌ಲೆಂಡಿನ ಜೆನೆಲೆಕ್ 1978ರಿಂದ ಸ್ಟುಡಿಯೋಗಳಿಗೆ ಇಂಥವನ್ನೇ ಮಾಡುತ್ತಿದೆ. ಪ್ರತಿ ಘಟಕಕ್ಕೂ ಸ್ವಂತ ಆಂಪ್ಲಿಫೈಯರ್. ಹಲವು ಮಾದರಿಗಳಲ್ಲಿ ಕೋಣೆಯನ್ನು ಅಳೆದು ಮಂದ್ರವನ್ನು ತಿದ್ದುವ ಸೌಕರ್ಯವೂ ಉಂಟು. ಕೊರತೆಯೆಂದರೆ ಹತ್ತು ವರ್ಷದ ನಂತರ ಒಳಗಿನ ಸರ್ಕ್ಯೂಟ್ ಕೈಕೊಟ್ಟರೆ ದುರಸ್ತಿ ಎಲ್ಲಿ ಎಂಬ ಪ್ರಶ್ನೆ. ಸೇವಾ ಕೇಂದ್ರ ನಿಮ್ಮ ಊರಿನಲ್ಲಿದೆಯೇ ನೋಡಿಕೊಳ್ಳಿ.

ಎಲೆಕ್ಟ್ರೋಸ್ಟ್ಯಾಟಿಕ್, ಹಾರ್ನ್ ಮುಂತಾದ ವಿಚಿತ್ರಗಳು?

ಎಲೆಕ್ಟ್ರೋಸ್ಟ್ಯಾಟಿಕ್ ಎಂದರೆ ಕೋನಿನ ಬದಲು ವಿದ್ಯುದಾವೇಶದ ತೆಳು ಪೊರೆ ಕಂಪಿಸುವ ಸ್ಪೀಕರ್. ಕ್ವಾಡ್ ಕಂಪನಿಯ 1957ರ ಮಾದರಿ ಇವತ್ತಿಗೂ ಮಧ್ಯಮ ಸ್ವರಗಳ ಸ್ಪಷ್ಟತೆಗೆ ಮಾದರಿ. ಆದರೆ ಹಿಂದೆ ಒಂದು ಮೀಟರಾದರೂ ಖಾಲಿ ಜಾಗ ಬೇಕು, ಮತ್ತು ಹೆಚ್ಚಿನ ವೋಲ್ಟೇಜಿನ ತೆಳು ಪೊರೆಗೆ ಕರಾವಳಿಯ ತೇವವೂ ಬಯಲುಸೀಮೆಯ ಧೂಳೂ ಆಗಿಬರುವುದಿಲ್ಲ. ಕಹಳೆಯಂಥ ಬಾಯಿಂದ ಶಬ್ದ ಹೊರಬಿಡುವ ಹಾರ್ನ್‌ಗಳಲ್ಲಿ 1946ರಿಂದ ಬರುತ್ತಿರುವ ಕ್ಲಿಪ್ಶ್‌ಹಾರ್ನ್ ಮೂಲೆಯಲ್ಲೇ ಕೂರಬೇಕಾದ ದೈತ್ಯ. ನಮ್ಮ ಕೋಣೆಗಳ ಮೂಲೆಯಲ್ಲಿ ಸಾಮಾನ್ಯವಾಗಿ ಬಾಗಿಲಿರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಖಂಡಿತ, ಹೈ-ಎಂಡ್ ಪ್ರವೇಶಿಸಲು ಅದೇ ಅಗ್ಗದ ಬಾಗಿಲು. ನೋಡಬೇಕಾದದ್ದು: ವೂಫರಿನ ಕೋನಿನ (ಹಿಂದೆ ಮುಂದೆ ಆಡುವ ಶಂಕುವಿನ) ಸುತ್ತಲಿನ ಅಂಚು ಫೋಮ್ ಆಗಿದ್ದರೆ ಬೆರಳಿನಿಂದ ಮೆಲ್ಲಗೆ ಒತ್ತಿ, ಪುಡಿ ಉದುರಿದರೆ ಆಯುಷ್ಯ ಮುಗಿದಿದೆ. ಮಂಗಳೂರು, ಉಡುಪಿಯ ಮನೆಗಳಿಂದ ಬಂದವುಗಳಲ್ಲಿ ಇದನ್ನು ತಪ್ಪದೇ ಪರೀಕ್ಷಿಸಿ. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಕೋನನ್ನು ಎರಡೂ ಕಡೆ ಬೆರಳಿಟ್ಟು ಸಮವಾಗಿ ಒತ್ತಿದಾಗ ಕರಕರ ಸದ್ದು ಬಂದರೆ ಒಳಗಿನ ತಂತಿಸುರುಳಿ (ಕಾಯಿಲ್) ಉಜ್ಜುತ್ತಿದೆ. ಟ್ವೀಟರಿನ ಗುಮ್ಮಟ ತಗ್ಗಾಗಿರಬಾರದು. ಎರಡೂ ಸ್ಪೀಕರಿನ ಕ್ರಮಸಂಖ್ಯೆ ಜೋಡಿಯದ್ದೇ ಆಗಿರಲಿ. ಒಂದೂವರೆ ವೋಲ್ಟಿನ ಶೆಲ್ಲನ್ನು ಕ್ಷಣಕಾಲ ಮುಟ್ಟಿಸಿದರೆ ಎರಡು ವೂಫರೂ ಒಂದೇ ದಿಕ್ಕಿಗೆ ಚಲಿಸಬೇಕು, ಇಲ್ಲದಿದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ.

ಅಮೆರಿಕದಲ್ಲಿರುವ ಮಗ ತರುತ್ತೇನೆನ್ನುತ್ತಾನೆ.

ಆಂಪ್ಲಿಫೈಯರ್ ಇಲ್ಲದ ಸ್ಪೀಕರಿಗೆ ವೋಲ್ಟೇಜಿನ ಹಂಗಿಲ್ಲ, ಎಲ್ಲಿಯದಾದರೂ ಇಲ್ಲಿ ನುಡಿಯುತ್ತದೆ. ಆಕ್ಟಿವ್ ಆದರೆ 230 ವೋಲ್ಟಿಗೆ ಹೊಂದುತ್ತದೆಯೇ ಎಂದು ಹಿಂಬದಿಯ ಫಲಕ ನೋಡಲು ಹೇಳಿ. ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಸೀಮಿತ. ತೂಕ, ಸುಂಕ, ವಿಮಾನದಲ್ಲಿ ಬೀಳುವ ಪೆಟ್ಟು ಎಲ್ಲ ಕೂಡಿಸಿದರೆ ಉಳಿತಾಯ ಹಲವೊಮ್ಮೆ ಕರಗಿಹೋಗುತ್ತದೆ.

ಕೇಬಲ್ ಎಷ್ಟರದ್ದು ಹಾಕಬೇಕು?

ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಮೂರು ಮೀಟರ್ ಉದ್ದಕ್ಕೆ ಹೋಗಿಬರುವ ಒಟ್ಟು ರೋಧ 0.05 ಓಮಿಗಿಂತ ಕಡಿಮೆ. ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ.

ಇನ್ನೂರು ಗಂಟೆ ನುಡಿಸಿದ ಮೇಲೆ ಧ್ವನಿ ತೆರೆದುಕೊಳ್ಳುತ್ತದೆ ಎನ್ನುತ್ತಾರೆ.

ಹೊಸ ವೂಫರಿನ ಅಂಚು ತುಸು ಸಡಿಲವಾಗುವುದು ನಿಜ, ಅದರ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಮುಗಿಯುತ್ತದೆ. ಉಳಿದ ಅವಧಿಯಲ್ಲಿ ಪಳಗುವುದು ನಿಮ್ಮ ಕಿವಿ. ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಕಾಯಿರಿ ಎಂಬ ಸಲಹೆ ಯಾರ ಲಾಭಕ್ಕೆ ಎಂದು ಯೋಚಿಸಿ.

ಹೊಸ ಸ್ಪೀಕರ್ ಬಂದ ಮೇಲೆ ಹಳೆಯ ಧ್ವನಿಮುದ್ರಣಗಳು ಕೆಟ್ಟದಾಗಿ ಕೇಳಿಸುತ್ತಿವೆ. ಏಕೆ?

ಮೊದಲು ಮುಚ್ಚಿಹೋಗಿದ್ದ ಟೇಪಿನ ಸುಯ್ಯೆನ್ನುವ ಸದ್ದು, ಮೈಕಿಗೆ ಬಡಿದ ಉಸಿರು, ಆಮೇಲೆ ಯಾರೋ ಸೇರಿಸಿದ ಕೃತಕ ಪ್ರತಿಧ್ವನಿ ಈಗ ಕಾಣಿಸಿಕೊಂಡಿವೆ. ಅದರ ಜೊತೆಗೆ ಹೊಸ ಸ್ಪೀಕರ್ ಮೇಲ್ಸ್ವರಗಳನ್ನು ಎತ್ತಿ ತೋರಿಸುವ ಜಾತಿಯದ್ದೂ ಆಗಿರಬಹುದು. ಅಂಗಡಿಯಲ್ಲಿ ಅದೇ ‘ವಿವರ’ ಎನಿಸಿ ಮೆಚ್ಚುಗೆಯಾಗಿರುತ್ತದೆ. ಟೋನ್ ಕಂಟ್ರೋಲ್ ಇದ್ದರೆ ಟ್ರೆಬಲ್ ಎರಡು ಡೆಸಿಬೆಲ್ ಇಳಿಸಿ. ಅದು ಪಾಪವೆಂದು ಹೇಳುವವರ ಮಾತು ಕೇಳಬೇಡಿ.

ಹಳೆಯ ಜೋಡಿಯನ್ನು ಏನು ಮಾಡಲಿ?

ಕೂಡಲೇ ಮಾರಬೇಡಿ. ಎರಡು ತಿಂಗಳ ನಂತರ ಒಂದು ಭಾನುವಾರ ಅದನ್ನೇ ಮತ್ತೆ ಅದೇ ಜಾಗದಲ್ಲಿ, ಅದೇ ಶಬ್ದಮಟ್ಟದಲ್ಲಿ ಜೋಡಿಸಿ, ಮೊದಲು ಬರೆದಿಟ್ಟ ದೂರಿನ ಹಾಳೆಯನ್ನು ಎದುರಿಗಿಟ್ಟುಕೊಂಡು ಕೇಳಿ. ದೂರುಗಳು ನೀಗಿವೆ ಎನಿಸಿದರೆ ಮೂಲ ಪೆಟ್ಟಿಗೆ, ಬಿಲ್ಲಿನೊಂದಿಗೆ ಮಾರಿ. ಪೆಟ್ಟಿಗೆ ಇದ್ದರೆ ಬೆಲೆ ಚೆನ್ನಾಗಿ ಬರುತ್ತದೆ. ನೀಗಿಲ್ಲ ಎನಿಸಿದರೆ ಹೊಸದನ್ನು ಮಾರುವುದೇ ಲೇಸು, ವಾರಂಟಿ ಉಳಿದಿರುವಾಗಲೇ.